ಹಾವಿನ ಪಾಠಕ್ಕೆ ಹಾವೇ ಬೇಕೆ?

ಪ್ರಾರ್ಥನೆ ಮುಗಿದರೂ ಅವತ್ತು ಮಕ್ಕಳನ್ನು ಒಳಗೆ ಬಿಡಲಿಲ್ಲ. ಅಂಗಳದಲ್ಲಿ ತಾಡಪಾಲು ಹಾಸಿ, ಚಿಕ್ಕವರು ಮುಂದೆ, ಎತ್ತರದವರು ಹಿಂದೆ ಎಂದು ಕೂರಿಸಿ, ಮುಂದಿನ ಸಾಲಿನ ಎದುರು ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದಿದ್ದೆವು. ಉರಗತಜ್ಞರು ಬೈಕಿನ ಹಿಂದೆ ರಬ್ಬರ್ ಪಟ್ಟಿಯಲ್ಲಿ ಬಿಗಿದು ತಂದಿದ್ದ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳಕ್ಕೆ ಕಾದ ಮೊಳೆಯಿಂದ ತೂತು ಮಾಡಿತ್ತು. ಒಳಗೆ ದಿಂಬಿನ ಚೀಲ, ಚೀಲದ ಬಾಯಿಗೆ ಗಂಟು. ಅವರು ಎಡಗೈಯಲ್ಲಿ ಮೈಕು ಹಿಡಿದರು. ಆ ಕೈಯ ಒಂದು ಬೆರಳು ಮಾತ್ರ ಮೈಕನ್ನು ಸುತ್ತದೆ ನೆಟ್ಟಗೆ ನಿಂತಿತ್ತು. ಬಲಗೈಯಲ್ಲಿ ಗಂಟು ಬಿಚ್ಚಿದರು.

ಮೊದಲು ಬಂದದ್ದು ಕೇರೆ ಹಾವು. ಅಷ್ಟೂ ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಈಗಲೂ ಕಿವಿಯಲ್ಲಿದೆ. ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಮುಟ್ಟಿಸಿದರು. ಅವಳು ಎರಡು ಬೆರಳಿಟ್ಟು, ತೆಗೆದು, ಮತ್ತೆ ಇಟ್ಟು, "ಲೋಳೆ ಇಲ್ವೇ ಇಲ್ಲ ಸಾರ್, ಒಣಗಿದೆ, ತಣ್ಣಗಿದೆ" ಎಂದಳು. ನಾನು ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದದ್ದನ್ನು ಅವಳ ಎರಡು ಬೆರಳು ಎರಡು ಸೆಕೆಂಡಿನಲ್ಲಿ ಕಲಿತವು. ಕಾರ್ಯಕ್ರಮ ಏರ್ಪಡಿಸಿದವನು ನಾನೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದಲ್ಲಿ ಒಂದಲ್ಲ, ಮೂರು ಸಲ ಇಂಥದ್ದನ್ನು ಮಾಡಿಸಿದ್ದೇನೆ. ಮಾಡಿಸಿದ್ದಕ್ಕೆ ಶಾಲು ಹೊದಿಸಿಕೊಂಡಿದ್ದೇನೆ. ಆದ್ದರಿಂದ ಈಗ "ಬೇಡವಾಗಿತ್ತು" ಎನ್ನುವಾಗ ಬೆರಳು ಮೊದಲು ನನ್ನ ಕಡೆಗೇ ತಿರುಗುತ್ತದೆ. ಊರೂರು ತಿರುಗಿ, ಪೆಟ್ರೋಲಿನ ಕಾಸೂ ಹುಟ್ಟದೆ, ರಾತ್ರಿ ಎರಡು ಗಂಟೆಗೆ ಫೋನು ಬಂದರೂ ಎದ್ದು ಹೋಗಿ ಬಚ್ಚಲಿನ ಹಾವು ಹಿಡಿಯುವವರ ಮೇಲೆ ನನಗಿರುವುದು ಗೌರವ. ಅವರಿಲ್ಲದಿದ್ದರೆ ಆ ಹಾವುಗಳಲ್ಲಿ ಹೆಚ್ಚಿನವು ದೊಣ್ಣೆಗೆ ಆಹುತಿಯಾಗುತ್ತಿದ್ದವು. ನನ್ನ ತಕರಾರು ಆ ಹಾವು ಬಚ್ಚಲಿನಿಂದ ಕಾಡಿಗೆ ಹೋಗುವ ದಾರಿಯಲ್ಲಿ ಶಾಲೆಯ ಅಂಗಳದಲ್ಲಿ ಇಳಿಯುವುದರ ಬಗ್ಗೆ ಮಾತ್ರ.

ಕೇರೆಯ ನಂತರ ನಾಗರಹಾವು ಬಂತು. ಅವರು ಬಾಲ ಹಿಡಿದು ನೆಲಕ್ಕೆ ಬಿಟ್ಟು, ಮುಂದೆ ಕೈಯಾಡಿಸಿದರು. ಹೆಡೆ ಬಿಚ್ಚಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಇಬ್ಬರು ಟೀಚರುಗಳು ಕೈ ಮುಗಿದರು. ಕೈ ಎಡಕ್ಕೆ ಹೋದರೆ ಹೆಡೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನಾನು ಪಕ್ಕದಲ್ಲಿ ನಿಂತು, ಹಾವಿಗೆ ಹೊರಗಿವಿ ಇಲ್ಲ, ಅದು ಪುಂಗಿಯ ರಾಗಕ್ಕೆ ಆಡುವುದಿಲ್ಲ, ಕಣ್ಣೆದುರು ಅಲ್ಲಾಡುವುದನ್ನು ಹಿಂಬಾಲಿಸುತ್ತದೆ ಎಂದು ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಹೇಳದೆ ಬಿಟ್ಟದ್ದು ಬೇರೆ. ನಾಗರಹಾವು ಹೆಡೆ ಬಿಚ್ಚುವುದು ಹೆದರಿದಾಗ. ಕತ್ತಿನ ಪಕ್ಕೆಲುಬುಗಳನ್ನು ಅಗಲಿಸಿ, "ನಾನು ದೊಡ್ಡವನು, ಹತ್ತಿರ ಬರಬೇಡ" ಎಂದು ಅದು ಬೇಡುವ ರೀತಿ ಅದು. ಗದ್ದೆಯ ಅಂಚಿನಲ್ಲಿ ತನ್ನಷ್ಟಕ್ಕೆ ಇಲಿಯ ಜಾಡು ಹಿಡಿದು ಹೋಗುವ ನಾಗರಹಾವು ಹೆಡೆ ಎತ್ತಿಕೊಂಡು ಹೋಗುವುದಿಲ್ಲ. ಅದು ಕೇರೆಯಂತೆಯೇ ಕಂದು ಹಗ್ಗ. ಅಂದರೆ ಆ ಇಪ್ಪತ್ತು ನಿಮಿಷ ನನ್ನ ಮಕ್ಕಳು ನೋಡಿದ್ದು ನಾಗರಹಾವಿನ ಗಾಬರಿಯೊಂದನ್ನೇ. ಅದರ ಬಾಳಿನ ಇನ್ನುಳಿದ ಯಾವ ಗಳಿಗೆಯೂ ಆ ಅಂಗಳಕ್ಕೆ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ನಿಮ್ಮನ್ನು ಯಾರೋ ಕಾಲು ಹಿಡಿದು ತಲೆಕೆಳಗೆ ನೇತುಹಾಕಿ, ನೀವು ಅರಚುವುದನ್ನು ತೋರಿಸಿ, "ನೋಡಿ ಮಕ್ಕಳೇ, ಮನುಷ್ಯ ಅಂದರೆ ಹೀಗೆ" ಎಂದರೆ ಎಷ್ಟು ನಿಜವೋ ಅಷ್ಟೇ ನಿಜ ಅದು.

ಮಾರನೆಯ ದಿನ ಚಿತ್ರ ಬಿಡಿಸಲು ಹೇಳಿದೆ. ಹಾವಿನ ಬಗ್ಗೆ ಏನು ನೆನಪಿದೆಯೋ ಅದನ್ನು ಬಿಡಿಸಿ ಎಂದೆ. ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಮನುಷ್ಯನೊಬ್ಬ ನಿಂತಿದ್ದ. ಕೆಲವರು ಅವರ ಮೀಸೆಯನ್ನು, ಪ್ಯಾಂಟಿನ ಜೇಬುಗಳನ್ನು ಕೂಡ ಬಿಡಿಸಿದ್ದರು. ಹಾವು ಅವರ ಕೈಯಿಂದ ಜೋತುಬಿದ್ದ ಒಂದು ಗೀರು. ಹುಲ್ಲು, ಹುತ್ತ, ಇಲಿ, ಕಪ್ಪೆ ಯಾರ ಹಾಳೆಯಲ್ಲೂ ಇರಲಿಲ್ಲ. ಆಗ ನಾನು ಮಕ್ಕಳ ಚುರುಕುತನಕ್ಕೆ ಖುಷಿಪಟ್ಟು, ಒಳ್ಳೆಯದನ್ನು ಆರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ.

ಆ ಚಿತ್ರಗಳು ಏನು ಹೇಳುತ್ತಿದ್ದವು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಷಿಕಾಗೊದ ಲಿಂಕನ್ ಪಾರ್ಕ್ ಮೃಗಾಲಯದ ಸ್ಟೀಫನ್ ರಾಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಚಿಂಪಾಂಜಿಯ ಒಂದೇ ಫೋಟೊವನ್ನು ಬೇರೆ ಬೇರೆ ಹಿನ್ನೆಲೆಯಲ್ಲಿ, ಪಕ್ಕದಲ್ಲಿ ಮನುಷ್ಯನಿರುವಂತೆ ಮತ್ತು ಇಲ್ಲದಂತೆ ತಯಾರಿಸಿ ಜನರಿಗೆ ತೋರಿಸಿದರು. ಚಿಂಪಾಂಜಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆದರೂ ಮನುಷ್ಯ ಪಕ್ಕದಲ್ಲಿ ನಿಂತ ಚಿತ್ರ ನೋಡಿದವರು, ಕಾಡಿನಲ್ಲಿ ಚಿಂಪಾಂಜಿಗಳು ಸುಖವಾಗಿವೆ, ಅವುಗಳ ಸಂಖ್ಯೆಗೇನೂ ಕುಂದಿಲ್ಲ ಎಂದು ಹೆಚ್ಚಾಗಿ ಭಾವಿಸಿದರು. ಇದನ್ನು ಮನೆಯಲ್ಲಿ ಸಾಕಿದರೆ ಚೆನ್ನ ಎಂಬ ಭಾವನೆಯೂ ಅವರಲ್ಲೇ ಹೆಚ್ಚು. ಚಿತ್ರದ ಅಡಿಬರಹ ಏನೇ ಇರಲಿ, ಪಕ್ಕದಲ್ಲಿರುವ ಮನುಷ್ಯನೇ ಒಂದು ಪಾಠ ಹೇಳಿಬಿಡುತ್ತಾನೆ. ಹಾವು ಚಿಂಪಾಂಜಿಯಲ್ಲ, ನಿಜ. ಆದರೆ ನಮ್ಮ ಅಂಗಳದಲ್ಲಿ ಮಾತು ಹೇಳಿದ್ದು "ಹಾವನ್ನು ಮುಟ್ಟಬೇಡಿ", ಕೈ ಮಾಡಿದ್ದು ಮುಟ್ಟುವುದನ್ನು. ಹನ್ನೆರಡು ವರ್ಷದ ಹುಡುಗನಿಗೆ ಇವೆರಡರಲ್ಲಿ ಯಾವುದು ನೆನಪಿರುತ್ತದೆ?

ಉತ್ತರ ಎರಡು ವಾರದಲ್ಲಿ ಸಿಕ್ಕಿತು. ಎಂಟನೇ ತರಗತಿಯ ಹುಡುಗನೊಬ್ಬ ಕಾಲುವೆಯಲ್ಲಿ ನೀರೊಳ್ಳೆಯ ಬಾಲ ಹಿಡಿದು ಎತ್ತಿದ. ನೀರೊಳ್ಳೆಗೆ ನಮಗೆ ಅಪಾಯ ಮಾಡುವ ವಿಷವಿಲ್ಲ, ಆದರೆ ಅದರಷ್ಟು ಸಿಡುಕಿನ ಹಾವು ಇನ್ನೊಂದಿಲ್ಲ. ತಿರುಗಿ ಮಣಿಕಟ್ಟಿಗೆ ಕಚ್ಚಿ, ಬಿಡದೆ ಹಿಡಿದುಕೊಂಡಿತು. ಮನೆಯವರು ಅವನನ್ನು ಆಸ್ಪತ್ರೆಗೆ ಒಯ್ಯಲಿಲ್ಲ. ಪಕ್ಕದೂರಿನಲ್ಲಿ ಬೇರು ತೇಯ್ದು ಹಚ್ಚಿ ವಿಷ ಇಳಿಸುವವರ ಬಳಿಗೆ ಒಯ್ದರು. ಹುಡುಗ ಸಂಜೆಯೊಳಗೆ ಗುಣವಾದ, ಆಗಲೇಬೇಕಿತ್ತು. ಬೇರಿನ ಹೆಸರು ಇನ್ನೊಂದು ಸುತ್ತು ಹಬ್ಬಿತು. ವಿಷವಿಲ್ಲದ ಹಾವುಗಳ ಕಡಿತವೇ ಇಂಥ ವೈದ್ಯಕ್ಕೆ ಬಂಡವಾಳ ಎಂಬುದು ಹಾವಿನ ವಿಷಯ ಓದಿದ ಎಲ್ಲರಿಗೂ ಗೊತ್ತು. ಆ ಬಂಡವಾಳಕ್ಕೆ ನಮ್ಮ ಶಾಲೆಯ ಕಾರ್ಯಕ್ರಮ ಒಂದು ಕಂತು ಸೇರಿಸಿತ್ತು. ನಾನು ಹುಡುಗನನ್ನು ಕರೆದು ಗದರಿದೆ. ಅವನು ಕೈ ಕಟ್ಟಿ ನಿಂತು, "ಅವರು ಹಿಡಿದ ಹಾಗೇ ಹಿಡಿದೆ ಸಾರ್, ಬಾಲ" ಎಂದ. ಅವನ ಉತ್ತರದಲ್ಲಿ ತಪ್ಪಿರಲಿಲ್ಲ. ಪಾಠ ಗಮನವಿಟ್ಟು ಕೇಳಿದ ವಿದ್ಯಾರ್ಥಿ ಅವನು.

ಒಬ್ಬ ಹುಡುಗನ ಕತೆಯಿಂದ ಸಿದ್ಧಾಂತ ಕಟ್ಟಬಾರದು ಎನ್ನುತ್ತೀರಿ. ಒಪ್ಪುತ್ತೇನೆ. ಇದೇ ಕಾರ್ಯಕ್ರಮ ನೋಡಿದ ಇನ್ನೊಬ್ಬ ಹುಡುಗ ಮನೆಯ ಹಿಂದಿನ ಕೇರೆಗೆ ಕಲ್ಲು ಬೀಳದಂತೆ ಅಡ್ಡ ನಿಂತಿದ್ದನ್ನೂ ಬಲ್ಲೆ. ನನ್ನ ಗೆಳೆಯರು ವಾದಿಸುವುದು ಇದನ್ನೇ: ಭಯ ಕೊಲ್ಲಿಸುತ್ತದೆ, ಪರಿಚಯ ಉಳಿಸುತ್ತದೆ; ಪರಿಚಯ ಪುಸ್ತಕದಿಂದ ಆಗುವುದಿಲ್ಲ. ಗಟ್ಟಿ ವಾದ. 1969ರಲ್ಲಿ ರೋಮ್ಯುಲಸ್ ವಿಟೇಕರ್ ಮದ್ರಾಸಿನ ಹೊರವಲಯದಲ್ಲಿ ಹಾವಿನ ಪಾರ್ಕು ತೆರೆದಾಗ ಅವರ ತಲೆಯಲ್ಲಿದ್ದದ್ದೂ ಇದೇ ಇರಬೇಕು; ಜನ ದುಡ್ಡು ಕೊಟ್ಟು ಹಾವು ನೋಡಿ, ಎರಡು ಮೂಢನಂಬಿಕೆ ಅಲ್ಲೇ ಬಿಟ್ಟು ಮನೆಗೆ ಹೋದರು. ಆದರೆ ಅಲ್ಲಿಗೆ ಜನ ಹೋಗುತ್ತಿದ್ದರು. ಹಾವು ಚೀಲದಲ್ಲಿ ಕೂತು ಜನರ ಬಳಿಗೆ ಬರುತ್ತಿರಲಿಲ್ಲ. ಈ ದಿಕ್ಕಿನ ವ್ಯತ್ಯಾಸ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಚೀಲದಲ್ಲಿ ಹಾವು ತಂದು ತೋರಿಸುತ್ತಿದ್ದವರನ್ನು ನಾವು ಹಿಂದೆ ಹಾವಾಡಿಗರು ಎನ್ನುತ್ತಿದ್ದೆವು. ಅವರದು ಬಿದಿರಿನ ಬುಟ್ಟಿ. ನಾನು ಚಿಕ್ಕವನಿದ್ದಾಗ ಬೇಸಾಯವಿಲ್ಲದ ಬೇಸಿಗೆಯಲ್ಲಿ ಶಾಲೆಯ ಎದುರಿನ ಅರಳೀಕಟ್ಟೆಗೆ ಬರುತ್ತಿದ್ದರು. ಅವರೂ ಕತೆ ಹೇಳುತ್ತಿದ್ದರು, ಅವರೂ ಧೈರ್ಯವಂತರು, ಮಕ್ಕಳು ಅವರ ಸುತ್ತಲೂ ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕ್ರಮೇಣ ಅವರ ಬುಟ್ಟಿ ಮುಚ್ಚಿಸಿತು. ಹಲ್ಲು ಕೀಳುವುದು, ಬಾಯಿ ಹೊಲಿಯುವುದು, ಪಂಚಮಿಯ ದಿನ ಹಾಲು ಸುರಿಯುವುದು ಇವೆಲ್ಲ ಕ್ರೌರ್ಯ ಎಂದು ನಾವೇ ಮಕ್ಕಳಿಗೆ ಪಾಠ ಮಾಡಿದೆವು. ಇವತ್ತಿನ ಉರಗಪ್ರೇಮಿ ಇದ್ಯಾವುದನ್ನೂ ಮಾಡುವುದಿಲ್ಲ. ಅವರು ಹೇಳುವ ವಿಷಯ ವಿಜ್ಞಾನ, ಉದ್ದೇಶ ಒಳ್ಳೆಯದು. ಆದರೆ ಹಾವಿನ ಕಡೆಯಿಂದ ನೋಡಿ. ಕತ್ತಲೆ ಚೀಲ, ಬೈಕಿನ ಕುಲುಕಾಟ, ಒಮ್ಮೆಲೆ ಬಿಸಿಲು, ನೂರಾರು ಕಾಲುಗಳ ಕಂಪನ ತುಂಬಿದ ನೆಲ, ಬಾಲಕ್ಕೆ ಬಿಗಿದ ಕೈ. ಬುಟ್ಟಿ ಡಬ್ಬಿಯಾದದ್ದು ಅದಕ್ಕೆ ಗೊತ್ತಾಗುವ ಬದಲಾವಣೆಯೆ? ಹೊಟ್ಟೆಪಾಡಿಗೆ ಮಾಡಿದವನಿಗೆ ಕೇಸು, ಸಮಾಜಸೇವೆಗೆ ಮಾಡಿದವರಿಗೆ ಶಾಲು ಎಂಬುದರಲ್ಲಿ ನನಗೆ ಸ್ವಲ್ಪ ಮುಜುಗರವೂ ಇದೆ; ಶಾಲು ಹೊದ್ದವರಲ್ಲಿ ನಾನೂ ಒಬ್ಬನಲ್ಲವೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲಲ್ಲ. ಆ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಅದೇ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಶಿಕ್ಷಣ ಎಂಬ ಪದವೂ ಇದೆ. ಶಿಕ್ಷಣ, ಸಂಶೋಧನೆ, ಜೀವರಕ್ಷಕ ಔಷಧಿಗಾಗಿ ವಿಷ ಸಂಗ್ರಹ ಮುಂತಾದ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಕೀಲಿ ಒಬ್ಬರ ಕೈಯಲ್ಲಿದೆ. ನಾನು ಮೂರು ಸಲವೂ ಆ ಕೀಲಿ ಕೇಳಿದವನಲ್ಲ. ಹೆಡ್‌ಮಾಸ್ತರರ ಒಪ್ಪಿಗೆ ಸಾಕು ಎಂದುಕೊಂಡಿದ್ದೆ.

ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಇಲ್ಲಿ ಒಂದು ಮಾತು ಹೇಳುತ್ತಾರೆ: ಅಲ್ಲಿಯ ಶಾಲೆಗಳಿಗೆ ಹೆಬ್ಬಾವು, ನೀಲಿ ನಾಲಿಗೆಯ ಹಲ್ಲಿ, ಕೆಲವೊಮ್ಮೆ ಪುಟ್ಟ ಮೊಸಳೆಯನ್ನೂ ತರುತ್ತಾರೆ, ಯಾರೂ ಬೇಡ ಎನ್ನುವುದಿಲ್ಲ. ನಿಜ. ಆದರೆ ಅದು ಪರವಾನಗಿಯ ವೃತ್ತಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರಾಣಿ ಪ್ರದರ್ಶನಕ್ಕೆಂದೇ 1986ರ ಒಂದು ಕಾಯ್ದೆಯಿದೆ. ಅಲ್ಲಿ ಮಕ್ಕಳ ಮುಂದೆ ಬರುವ ಹೆಬ್ಬಾವು ಸಾಮಾನ್ಯವಾಗಿ ಮನುಷ್ಯರ ನಡುವೆಯೇ ಮೊಟ್ಟೆಯೊಡೆದು ಬೆಳೆದದ್ದು, ಕೈ ಪಳಗಿದ್ದು. ನಮ್ಮಲ್ಲಿ ಬರುವುದು ನಿನ್ನೆ ರಾತ್ರಿ ಯಾರದೋ ಕೊಟ್ಟಿಗೆಯಲ್ಲಿ ಹಿಡಿದದ್ದು. ಹೋಲಿಸಲು ಹೊರಟರೆ ನಮ್ಮ ಪಕ್ಷವೇ ಸೋಲುತ್ತದೆ. ಅಷ್ಟು ಪಳಗಿದ ಪ್ರಾಣಿಯನ್ನು ಮುಟ್ಟಿದ ಮಗು ಕಾಡಿನ ಪ್ರಾಣಿಯ ಬಗ್ಗೆ ಏನು ಕಲಿಯುತ್ತದೆ ಎಂಬ ಅನುಮಾನ ನನಗೆ ಅಲ್ಲಿಯ ಪದ್ಧತಿಯ ಬಗ್ಗೆಯೂ ಇದೆ. ಅದನ್ನು ಅವರು ನೋಡಿಕೊಳ್ಳಲಿ. ಮುಟ್ಟುವುದರಲ್ಲಿ ಇನ್ನೊಂದು ಅಪಾಯವೂ ಇದೆ. ತೆವಳುವ ಪ್ರಾಣಿಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆಂದು, ಮಕ್ಕಳಿಗೆ ಅಂಟಿದ ಮೇಲೆ, ಅಮೆರಿಕ 1975ರಲ್ಲೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಮರಿಗಳ ಮಾರಾಟ ನಿಲ್ಲಿಸಿತು. ನಮ್ಮ ಅಂಗಳದಲ್ಲಿ ಆ ಹುಡುಗಿ ಹಾವು ಮುಟ್ಟಿದ ಕೈಯಲ್ಲೇ ಬಿಸಿಯೂಟ ಉಂಡಳು. ಸೋಪು ಕೊಡಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಕಾರ್ಯಕ್ರಮದ ನಂತರ ಹಾವು ಎಲ್ಲಿಗೆ ಹೋಯಿತು ಎಂದೂ ಕೇಳಿರಲಿಲ್ಲ. "ಕಾಡಿಗೆ ಬಿಟ್ಟೆವು" ಎಂಬುದು ಕೇಳಲು ಹಿತವಾದ ಮಾತು. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇರಿಸಿ ಅವುಗಳ ಹಿಂದೆ ನಡೆದರು. ತನ್ನ ಜಾಗದಲ್ಲೇ ಇದ್ದ ಹಾವಿಗಿಂತ ದೂರ ಒಯ್ದು ಬಿಟ್ಟ ಹಾವು ಹೆಚ್ಚು ಅಲೆದದ್ದು ಕಂಡುಬಂತು. ಹಾವಿಗೂ ಅದರದ್ದೇ ಆದ ಊರು ಇರುತ್ತದೆ: ಇಂಥ ಬಿಲ, ಇಂಥ ತೊರೆ, ಇಂಥ ಕಡೆ ಬಿಸಿಲು. (ಕಾಳಿಂಗದ ಮಾತು ಬಂದದ್ದರಿಂದ ಒಂದು ಸಂತೋಷದ ಸುದ್ದಿ: 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಪ್ರಭೇದವಲ್ಲ, ನಾಲ್ಕು ಎಂದು ವಿಂಗಡಿಸಿದಾಗ ಪಶ್ಚಿಮಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೊಫೇಗಸ್ ಕಾಳಿಂಗ. ನಮ್ಮ ಮಾತು ಲ್ಯಾಟಿನ್ ಪಂಕ್ತಿಯಲ್ಲಿ ಕೂತಿತು.)

ಇಷ್ಟು ಹೊತ್ತು ಹಾವಿನ ಪರ ಮಾತಾಡಿದೆ. ಮಕ್ಕಳ ಪರ ಮಾತು ಇನ್ನೂ ಮುಖ್ಯ.

2019ರ ನವೆಂಬರಿನಲ್ಲಿ, ನಮ್ಮ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ, ಶಾಲೆಯೊಂದರ ತರಗತಿಯ ನೆಲದಲ್ಲಿ ತೂತಿತ್ತು. ಅದರೊಳಗಿದ್ದ ಹಾವು ಐದನೇ ತರಗತಿಯ ಹುಡುಗಿಯ ಪಾದಕ್ಕೆ ಕಚ್ಚಿತು. ಆ ತರಗತಿಗೆ ಹಾವನ್ನು ಯಾರೂ ತಂದಿರಲಿಲ್ಲ. ಹಾವು ಕಚ್ಚಿದೆ ಎಂದು ಹೇಳಿದರೂ ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲ ಎಂದು ಅವಳ ಸಹಪಾಠಿಗಳು ದೂರಿದರು; ಶಿಕ್ಷಕರೊಬ್ಬರನ್ನು ಅಮಾನತು ಮಾಡಲಾಯಿತು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಹುಡುಗಿ ದಾರಿಯಲ್ಲಿ ತೀರಿಕೊಂಡಳು. ಆ ಸುದ್ದಿ ಓದಿದ ದಿನ ನನ್ನ ಮೂರು ಕಾರ್ಯಕ್ರಮಗಳನ್ನು ಮನಸ್ಸಿನಲ್ಲೇ ಮತ್ತೆ ನಡೆಸಿ ನೋಡಿದೆ. ಆ ತರಗತಿಗೆ ಬೇಕಾಗಿದ್ದ ಒಂದಾದರೂ ಮಾತನ್ನು ನಾವು ಅಲ್ಲಿ ಹೇಳಿದ್ದೆವೆ? ಹೇಳಿದ್ದೆವು, ಕೊನೆಯ ಐದು ನಿಮಿಷದಲ್ಲಿ. ಆಗ ಮಕ್ಕಳ ಕಣ್ಣೆಲ್ಲ ಹೆಬ್ಬಾವಿನ ಡಬ್ಬಿಯ ಮೇಲಿತ್ತು.

ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಮಳೆಗಾಲದಲ್ಲಿ. ಸತ್ತವರಲ್ಲಿ ಕಾಲುಭಾಗಕ್ಕೂ ಹೆಚ್ಚು 15 ವರ್ಷದೊಳಗಿನವರು, ಅಂದರೆ ನಮ್ಮ ತಾಡಪಾಲಿನ ಮೇಲೆ ಕೂತಿದ್ದ ವಯಸ್ಸಿನವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಈಗ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಇದು ಒಳ್ಳೆಯ ಕೆಲಸ, ಸದ್ದಿಲ್ಲದೆ ಆದ ಕೆಲಸ.

ಈ ಲೆಕ್ಕದಲ್ಲಿ ದೊಡ್ಡ ಪಾಲು ಪಡೆಯುವ ಹಾವುಗಳಲ್ಲಿ ಕಟ್ಟುಹಾವು ಒಂದು. ಅದನ್ನು ಹಗಲು ಹನ್ನೊಂದು ಗಂಟೆಗೆ ಅಂಗಳದಲ್ಲಿ ತೋರಿಸಿದರೆ ಮಕ್ಕಳಿಗೆ ಬೇಜಾರಾಗುತ್ತದೆ. ಹೆಡೆಯಿಲ್ಲ, ಬುಸುಗುಡುವುದಿಲ್ಲ, ತಲೆಯನ್ನು ಮೈಯ ಸುರುಳಿಯೊಳಗೆ ಹುದುಗಿಸಿ ಬಿದ್ದಿರುತ್ತದೆ. ರಾತ್ರಿ ಅದೇ ಹಾವು ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಕಚ್ಚಿದ್ದು ಇರುವೆ ಕಚ್ಚಿದಷ್ಟೂ ಗೊತ್ತಾಗದೆ ಇರಬಹುದು. ಊತವಿಲ್ಲ, ಗಾಯ ಹುಡುಕಿದರೂ ಕಾಣುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎನ್ನುತ್ತದೆ, ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ. ಮನೆಯವರು ರಾತ್ರಿ ತಿಂದದ್ದು ಅಜೀರ್ಣವಾಗಿದೆ ಎಂದು ಓಮದ ಕಷಾಯ ಕಾಯಿಸುತ್ತಾರೆ. ಉಸಿರಾಟದ ಸ್ನಾಯುಗಳು ಸೋಲುವ ಹೊತ್ತಿಗೆ ತಡವಾಗಿರುತ್ತದೆ. ಇದರ ವಿರುದ್ಧ ಇರುವ ಆಯುಧ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿದ ಒಂದು ಸೊಳ್ಳೆಪರದೆ. ಉಳಿದದ್ದೂ ಇಷ್ಟೇ ನೀರಸ: ಕತ್ತಲಲ್ಲಿ ಟಾರ್ಚು, ಗದ್ದೆಗಿಳಿಯುವಾಗ ಗಂಬೂಟು, ಸೌದೆ ಎಳೆಯುವ ಮುಂಚೆ ಕೋಲಿನಿಂದ ತಟ್ಟುವುದು, ಕಚ್ಚಿದರೆ ಕೊಯ್ಯದೆ, ಹಗ್ಗ ಬಿಗಿಯದೆ, ಹಾವು ಹುಡುಕುತ್ತ ಕೂರದೆ, ಕೈಕಾಲು ಅಲ್ಲಾಡಿಸದಂತೆ ಮಲಗಿಸಿ 108ಕ್ಕೆ ಫೋನು ಮಾಡಿ ವಿಷನಿರೋಧಕ ಇರುವ ಆಸ್ಪತ್ರೆಗೆ ಒಯ್ಯುವುದು. ಸೊಳ್ಳೆಪರದೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹೆಡೆಯ ಪಕ್ಕದಲ್ಲಿ ಅದನ್ನು ಇಟ್ಟರೆ ಅದು ಸೋಲುತ್ತದೆ. ಮಕ್ಕಳ ಗಮನವೆಂಬುದು ಅಳತೆಯ ಪಾತ್ರೆ. ಅದನ್ನು ನಾವು ನಾಗರಹಾವಿನಿಂದ ತುಂಬಿಸಿ, ಮೇಲೆ ಸೊಳ್ಳೆಪರದೆ ಸುರಿದರೆ ಹೊರಗೇ ಚೆಲ್ಲುತ್ತದೆ.

ಹಾಗಾದರೆ ಮುಟ್ಟಿ ಕಲಿಯುವುದೇ ಬೇಡವೆ ಎಂದು ಕೇಳಿದರೆ, ಬೇಕು. ನಾನು ಈಗ ಕರೆದಲ್ಲಿಗೆ ಒಯ್ಯುವುದು ಪೊರೆ. ಹಾವು ತಾನಾಗಿ ಬಿಟ್ಟುಹೋದದ್ದನ್ನು ಅಲ್ಲೇ ನೋಡುತ್ತೇವೆ, ಅಥವಾ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ತರುತ್ತೇವೆ. ಕಾಲುಚೀಲ ಕಳಚುವಾಗ ಆಗುವಂತೆ ಒಳಮೈ ಹೊರಗಾಗಿ ಬಿದ್ದಿರುತ್ತದೆ. ತಲೆಯ ಭಾಗ ಹರಿಯದೆ ಸಿಕ್ಕಿದರೆ ಅದೃಷ್ಟ: ಕಣ್ಣಿದ್ದ ಕಡೆ ಕೈಗಡಿಯಾರದ ಗಾಜಿನಂಥ ಎರಡು ಪುಟ್ಟ ಬಿಲ್ಲೆ. ಹಾವಿಗೆ ರೆಪ್ಪೆಯಿಲ್ಲ, ಪಾರದರ್ಶಕ ಹುರುಪೆಯೇ ಕಣ್ಣಿನ ಹೊದಿಕೆ, ಪೊರೆಯ ಜೊತೆ ಅದೂ ಕಳಚುತ್ತದೆ. ಇದನ್ನು ಜೀವಂತ ಹಾವಿನಲ್ಲಿ ಯಾವ ಮಗುವೂ ನೋಡಲಾರದು, ನೋಡಲೂಬಾರದು. ಹೊಟ್ಟೆಯ ಕಡೆ ಅಗಲವಾದ ಪಟ್ಟಿಗಳು ಒಂದರ ಹಿಂದೊಂದು. ನಮ್ಮ ಹೆಚ್ಚಿನ ಹಾವುಗಳಲ್ಲಿ ಒಂದು ಪಟ್ಟಿಗೆ ಒಂದು ಬೆನ್ನೆಲುಬಿನ ಮಣಿ, ಹಾಗಾಗಿ ಪಟ್ಟಿ ಎಣಿಸಿದರೆ ಮೂಳೆ ಎಣಿಸಿದಂತೆ. ಆರನೇ ತರಗತಿಯವರು ಜಗಳವಾಡಿಕೊಂಡು, ಮೂರು ಸಲ ಲೆಕ್ಕ ತಪ್ಪಿ, ನೂರ ತೊಂಬತ್ತು ಚಿಲ್ಲರೆಗೆ ಬಂದು ನಿಂತರು. ಇನ್ನೂ ಒಂದಿದೆ. ತೋಳದ ಹಾವು ಕಟ್ಟುಹಾವಿನ ವೇಷ ಹಾಕಿದ ಬಡಪಾಯಿ, ವಿಷವಿಲ್ಲದ್ದು. ಕಪ್ಪು ಮೈ, ಬಿಳಿ ಪಟ್ಟೆ, ಬೇಗ ನೋಡಿದರೆ ತಜ್ಞರೂ ಎಡವುತ್ತಾರೆ. ಪೊರೆಯನ್ನು ಬೆಳಕಿಗೆ ಹಿಡಿದರೆ ಬೆನ್ನ ನಡುಸಾಲಿನ ಹುರುಪೆಗಳು ಉಳಿದವಕ್ಕಿಂತ ದೊಡ್ಡವಾಗಿ ಆರು ಮೂಲೆಯಾಗಿದ್ದರೆ ಕಟ್ಟುಹಾವು. ಬಾಲದ ಅಡಿಯ ಪಟ್ಟಿಗಳು ಇಡಿಯಾಗಿದ್ದರೆ ಕಟ್ಟುಹಾವು, ಎರಡಾಗಿ ಸೀಳಿದ್ದರೆ ತೋಳದ ಹಾವು. ಇದನ್ನು ಕೈಯಾರೆ ಕಂಡ ಮಕ್ಕಳು ತಾವೇ ಒಂದು ತೀರ್ಮಾನಕ್ಕೆ ಬರುತ್ತಾರೆ: ಇಷ್ಟು ಸೂಕ್ಷ್ಮವಾಗಿ ನೋಡಿದರೆ ಮಾತ್ರ ತಿಳಿಯುವುದಾದರೆ, ಕತ್ತಲಲ್ಲಿ ಬಚ್ಚಲ ಬಾಗಿಲಲ್ಲಿ ನಿಂತು ಯಾವ ಹಾವೆಂದು ಹೇಳಲು ಹೋಗಬಾರದು. ಕೊನೆಗೆ ಸೋಪಿನಲ್ಲಿ ಕೈ ತೊಳೆಸುತ್ತೇನೆ. ಅಷ್ಟು ಬುದ್ಧಿ ಬಂದಿದೆ.

ಪೊರೆ ಸಿಕ್ಕಿದ ಜಾಗಕ್ಕೆ ಮಕ್ಕಳೊಂದಿಗೆ ಹೋಗುವುದು ಇನ್ನೂ ಒಳ್ಳೆಯದು. ಹುತ್ತ, ಹುತ್ತದ ಪಕ್ಕ ಇಲಿಯ ಬಿಲ, ಮಣ್ಣಿನಲ್ಲಿ ಎಳೆದಂಥ ಗುರುತು, ಮೇಲೆ ಗಲಾಟೆಯೆಬ್ಬಿಸುವ ಮೈನಾ. ಹಾವು ಕಾಣುವುದು ಅಪರೂಪ. ಕರಾವಳಿಯ ನಾಗಬನಗಳಲ್ಲಿ ಹಿರಿಯರು ಮಾಡಿದ್ದು ಇದೇ ಎಂದು ನನಗೆ ಅನ್ನಿಸುತ್ತದೆ: ಇದಿಷ್ಟು ಅದರ ಜಾಗ, ಇಲ್ಲಿ ಕತ್ತಿ ಆಡಿಸಬಾರದು ಎಂದು ಬಿಟ್ಟರು. ಅದನ್ನು ದೊಡ್ಡದು ಮಾಡಿ ಹಾಡಿಹೊಗಳುವ ಉದ್ದೇಶ ನನಗಿಲ್ಲ. ನಾಗರಕ್ಕೆ ತನು ಎರೆದ ಕೈಯೇ ಕೊಳಕುಮಂಡಲಕ್ಕೆ ದೊಣ್ಣೆ ಎತ್ತುತ್ತದೆ, ಎಷ್ಟೋ ಬನಗಳಿಗೆ ಈಗ ಗ್ರಾನೈಟ್ ನೆಲ ಬಂದು ಹಾವಿಗೇ ಅಲ್ಲಿ ಜಾಗವಿಲ್ಲ. ಬೆಂಗಳೂರಿನ ಹದಿನಾಲ್ಕನೇ ಮಹಡಿಯ ಮಗುವಿಗೆ ಹುತ್ತ ಎಲ್ಲಿಂದ ತರೋಣ ಎಂದು ನನ್ನ ಮಗಳೇ ಕೇಳುತ್ತಾಳೆ. ಬನ್ನೇರುಘಟ್ಟಕ್ಕೆ ಕರೆದೊಯ್ಯಿ ಎನ್ನುತ್ತೇನೆ. ಅದು ಪೂರ್ತಿ ಉತ್ತರವಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಕಳೆದ ಮಳೆಗಾಲದ ಮೊದಲು ಅದೇ ಶಾಲೆಯವರು ಮತ್ತೆ ಕರೆದರು. ಉರಗತಜ್ಞರಿಗೆ ನಾನೇ ಫೋನು ಮಾಡಿ, ಡಬ್ಬಿ ಬಿಟ್ಟು ಬನ್ನಿ ಎಂದು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾವಿಲ್ಲದೆ ನಾನ್ಯಾರು ಸಾರ್, ನನ್ನ ಮಾತು ಯಾರು ಕೇಳ್ತಾರೆ?" ಎಂದರು. ಆದರೂ ಬಂದರು. ಬೈಕಿನ ಹಿಂದೆ ರಬ್ಬರ್ ಪಟ್ಟಿ ಮಾತ್ರ ಇತ್ತು. ಹಿಂದಿನ ಸಾಲಿನ ನಾಲ್ಕೈದು ಹುಡುಗರು "ಹಾವೇ ತಂದಿಲ್ಲ ಕಣೋ" ಎಂದು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದರು. ಅವರು ವಾಪಸು ಬರಲಿಲ್ಲ. ಉಳಿದವರಿಗೆ ಇವರು ಎಡಗೈ ಎತ್ತಿ ತೋರಿಸಿದರು. ಮಡಚಲಾಗದ ಆ ಬೆರಳು ನಾಗರಹಾವಿನದು. ಕಚ್ಚಿದ್ದು ಹಿಡಿಯುವಾಗಲ್ಲ, ಚೀಲಕ್ಕೆ ಹಾಕುವಾಗ, ಹತ್ತಾರು ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾಗ. ಕೇರಳದ ವಾವಾ ಸುರೇಶ್ ಅವರಿಗೆ 2022ರ ಜನವರಿಯಲ್ಲಿ ಕಚ್ಚಿದ್ದೂ ಹಾಗೇ ಎಂದರು, ಅಷ್ಟು ಹಾವು ಹಿಡಿದವರಿಗೆ. ಬೆರಳು ಕಪ್ಪಾದದ್ದು, ಕೊಳೆತ ಮಾಂಸ ಕೆತ್ತಿ ತೆಗೆದದ್ದು, ತೊಡೆಯ ಚರ್ಮ ತಂದು ಹೊಲಿದದ್ದು, ಹೆಂಡತಿ ತಾಳಿಯ ಗುಂಡು ಅಡವಿಟ್ಟದ್ದು ಎಲ್ಲವನ್ನೂ ಮೈಕಿಲ್ಲದೆ ಹೇಳಿದರು. ಮುಂದಿನ ಸಾಲಿನವರು ಬೆರಳು ಹತ್ತಿರದಿಂದ ನೋಡಲು ಸುಣ್ಣದ ಗೆರೆ ದಾಟಿ ಬಂದಿದ್ದರು. ಒಬ್ಬಳು, "ಈಗ ಸೊಳ್ಳೆಪರದೆ ಕಟ್ಟಿಕೊಂಡು ಮಲಗ್ತೀರಾ?" ಎಂದು ಕೇಳಿದಳು. "ಮೂರು ಮಕ್ಕಳಿಗೂ ಸೇರಿಸಿ ಒಂದೇ ದೊಡ್ಡದು" ಎಂದರು.

ಆಮೇಲೆ ಸ್ಟಾಫ್ ರೂಮಿನಲ್ಲಿ ಅವಲಕ್ಕಿ, ಕಾಫಿ. ಹೆಡ್‌ಮಾಸ್ತರರು ಶಾಲು ಹೊದಿಸಿ, ಅವರನ್ನು ಗೇಟಿನವರೆಗೂ ಬಿಟ್ಟು ಬಂದು, ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಮಾತು ತುಂಬಾ ಚೆನ್ನಾಗಿತ್ತು ಮೇಷ್ಟ್ರೇ. ಆದರೆ ಒಂದು ಕೇರೆಯಾದರೂ ತಂದಿದ್ದರೆ ಪೇಪರಿಗೆ ಫೋಟೊ ಆಗ್ತಿತ್ತು."